ರಾಜೀವಿ ಆಕಳಿಸಿದ ವಾಕ್ಯ

ಕುಸುಮಾವತಿ ಕಾಫಿ ಲೋಟವನ್ನು ಮುಂದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಿಮ್ಮಿಂದಾಗಿ ನಮ್ಮ ಮಗು ಸೂಜಿಯಿಂದ ಪಾರಾಯ್ತು ನಿತ್ಯಾನಂದಣ್ಣ, ಈ ಉಪಕಾರ ಮರೀಲಿಕ್ಕುಂಟಾ?" ಎಂದಾಗ ನಿತ್ಯಾನಂದನಿಗೆ ಮೊದಲು ಆದದ್ದು ಖುಷಿಯೇ. ಆ ಒಂದು ಗಳಿಗೆಯ ಖುಷಿಯನ್ನು ಆಮೇಲೆ ಅವನು ತನಗೆ ತಾನೇ ಕ್ಷಮಿಸಿಕೊಳ್ಳಲಿಲ್ಲ. ನಿನ್ನೆ ರಾತ್ರಿ ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗಿನಿಂದ ಅವನ ಮನಸ್ಸು ಉಬ್ಬಿಕೊಂಡೇ ಇತ್ತು. ಕೊಚ್ಚಿಯ ಕನ್ನಡ ಸಂಘದವರು ಅವನಿಗೆ ಶಾಲು ಹೊದಿಸುವವರಿದ್ದರು. ತಿರುವನಂತಪುರದ ಹವಾಮಾನ ಕಚೇರಿಯಲ್ಲಿ ಹದಿನಾರು ವರ್ಷಗಳಿಂದ ಮಳೆನೀರು ಅಳೆಯುತ್ತ ಕೂತವನಿಗೆ ಯಾರು ಯಾಕೆ ಶಾಲು ಹೊದಿಸಬೇಕು? ಶಾಲು ಅವನೊಳಗಿನ ಇನ್ನೊಬ್ಬ ನಿತ್ಯಾನಂದನಿಗೆ, ಮಂಗಳೂರಿನ ವಾರಪತ್ರಿಕೆಯೊಂದರಲ್ಲಿ ವಾರ ವಾರ ಒಂದೂವರೆ ಪುಟ ವೈದ್ಯಕೀಯ ಸಂಶೋಧನೆಯ ವಿಷಯ ಬರೆಯುವವನಿಗೆ. ಸಂಘದ ಕಾರ್ಯದರ್ಶಿ ವಿಠಲ, ಉಡುಪಿ ಕಡೆಯವನು, ಬ್ಯಾಂಕಿನ ಕೆಲಸದ ಮೇಲೆ ಇಲ್ಲಿಗೆ ಬಂದು ಒಂಬತ್ತು ವರ್ಷ ಆದವನು, ಬೆಳಿಗ್ಗೆ ಸ್ಟೇಷನ್ನಿಗೆ ತಾನೇ ಬಂದು ಕೈಯ ಚೀಲ ಕಸಿದುಕೊಂಡು ಎಡಪ್ಪಳ್ಳಿಯ ತನ್ನ ಮಹಡಿ ಮನೆಗೆ ಕರೆತಂದಿದ್ದ. ಹೆಂಡತಿ ಕುಸುಮಾವತಿ ನೀರುದೋಸೆ ಹೊಯ್ದು ಬಡಿಸಿದ್ದಳು. ಇವತ್ತು ಭಾನುವಾರ, ನಾಲ್ಕು ಗಂಟೆಗೆ ಸಭೆ. ಅಲ್ಲಿಯ ತನಕ ಮನೆಯವರ ಹೊಗಳಿಕೆಯನ್ನು ಕಾಫಿಯ ಜೊತೆ ಗುಟುಕು ಗುಟುಕಾಗಿ ಕುಡಿಯುವುದೊಂದೇ ಅವನ ಕೆಲಸವಾಗಿತ್ತು.

"ಯಾವ ಸೂಜಿ?" ಎಂದು ಕೇಳಿದ್ದೂ ಇನ್ನಷ್ಟು ಹೊಗಳಿಕೆ ಬರಲಿ ಎಂದೇ.

ಅವಳು ಒಳಗಿನಿಂದ ಆಸ್ಪತ್ರೆಯ ಕಂದು ಫೈಲೊಂದನ್ನು ತಂದಳು. ಹಾಳೆಗಳ ಮೇಲೆ, ಎಲ್ಲಕ್ಕಿಂತ ಮೊದಲು ಕಾಣುವಂತೆ, ಅವನ ಲೇಖನವನ್ನು ಅಂಟಿಸಿತ್ತು. 'ಸೂಜಿಗೆ ರಜೆ'. ಶೀರ್ಷಿಕೆ ಅವನದೇ. ಸಂಪಾದಕರು ಅದನ್ನು ಮೆಚ್ಚಿ ಕಾರ್ಡು ಬರೆದಿದ್ದರು. ಕುಸುಮಾವತಿ ನಿಂತುಕೊಂಡೇ ಹೇಳಿದಳು: ಮಗಳು ಸೌದಾಮಿನಿಗೆ, ಈ ಊರಿನ ಬಾಯಲ್ಲಿ ಮಿನಿಗೆ, ಎಂಟರ ವಯಸ್ಸಿನಲ್ಲಿ ಜ್ವರ ಬಂತು. ಗಂಟಲು ನೋವಿನಿಂದ ಶುರುವಾಗಿ, ಮಂಡಿ ಮೊಣಕೈಗಳನ್ನು ಊದಿಸಿ, ಬಿಟ್ಟುಹೋಗುವಾಗ ಹೃದಯದಲ್ಲಿ ಗುರುತು ಇಟ್ಟುಹೋಗುವ ಸಂಧಿವಾತ ಜ್ವರ. ಅದು ಮರುಕಳಿಸಬಾರದೆಂದು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸುತ್ತಿದ್ದರು. ಚುಚ್ಚಿದ ಮೇಲೆ ಎರಡು ದಿನ ಹುಡುಗಿ ಕುಂಟುತ್ತಿದ್ದಳು. ಹಿಂದಿನ ದಿನದಿಂದಲೇ ಊಟ ಬಿಡುತ್ತಿದ್ದಳು. ಹೀಗೆ ಎರಡು ವರ್ಷ ಕಳೆದಾಗ ಊರಿನಿಂದ ಬಂದ ಪತ್ರಿಕೆಯಲ್ಲಿ ಇದು ಸಿಕ್ಕಿತು. "ನೀವೇ ಬರೆದದ್ದಲ್ವಾ, ಎರಡು ವರ್ಷ ಜ್ವರ ಮರುಕಳಿಸದಿದ್ರೆ ಸೂಜಿ ನಿಲ್ಲಿಸಿಯೂ ಏನೂ ಆಗ್ಲಿಲ್ಲ ಅಂತ. ಅದೇ ದಿನ ನಿಲ್ಲಿಸಿದ್ವಿ ನೋಡಿ. ಎಂಟು ತಿಂಗಳಾಯ್ತು. ಮಗು ಈಗ ಹೊಟ್ಟೆ ತುಂಬ ಉಣ್ತದೆ."

ನಿತ್ಯಾನಂದ ಫೈಲನ್ನು ಮೊಣಕಾಲ ಮೇಲಿಟ್ಟುಕೊಂಡು ಓದಿದ. ತನ್ನದೇ ಬರಹವನ್ನು ಬೇರೆಯವರ ಮನೆಯಲ್ಲಿ ಓದುವ ಸುಖ ಎರಡನೆಯ ಪ್ಯಾರಾದವರೆಗೆ ಇತ್ತು. ಮೂರನೆಯದರ ಕೊನೆಗೆ ಬಂದವನು ಹಿಂದಿನ ಸಾಲಿಗೆ ಹೋಗಿ ಮತ್ತೆ ಓದಿದ. ಅಲ್ಲಿ ಒಂದು ವಾಕ್ಯ ಇರಬೇಕಿತ್ತು. ಇರಲಿಲ್ಲ. ಅಚ್ಚಿನ ಮೊಳೆಯವರು ಬಿಟ್ಟದ್ದಲ್ಲ, ಸಂಪಾದಕರು ಕತ್ತರಿಸಿದ್ದೂ ಅಲ್ಲ. ಅದನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ ಕೈ ಈಗ ಕಾಫಿ ಲೋಟ ಹಿಡಿದುಕೊಂಡಿತ್ತು.

ಅವನ ಬರೆಯುವ ಕ್ರಮ ಹೀಗಿತ್ತು. ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟು ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಪರಿಚಯದವರ ದಯದಿಂದ ಒಂದು ಮೂಲೆಯಲ್ಲಿ ಕೂತು, ವಿದೇಶದ ಜರ್ನಲುಗಳನ್ನು ನಿಘಂಟು ಸಮೇತ ಜಗಿಯುವುದು. ಭಾನುವಾರ ಕನ್ನಡದಲ್ಲಿ ಬರೆಯುವುದು. ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಡತಿ ರಾಜೀವಿಗೆ ಗಟ್ಟಿಯಾಗಿ ಓದಿ ಹೇಳುವುದು. ಅವಳು ತೊಂಡೆಕಾಯಿ ಹೆಚ್ಚುತ್ತಲೋ ತೆಂಗಿನಕಾಯಿ ತುರಿಯುತ್ತಲೋ ಕೇಳುತ್ತಿದ್ದಳು. ಎಲ್ಲಿ ಆಕಳಿಸಿದಳೋ ಆ ವಾಕ್ಯಕ್ಕೆ ಕೆಂಪು ಪೆನ್ಸಿಲು. ಇದೇ ಅವನ ಗುಟ್ಟು. ಗೆಳೆಯರ ಮುಂದೆ ಇದನ್ನು ಹೆಮ್ಮೆಯಿಂದ ಹೇಳಿ ನಗಿಸಿದ್ದೂ ಉಂಟು. ಐದನೆಯ ತರಗತಿ ಓದಿದ ಹೆಂಗಸು ಆಕಳಿಸದೆ ಕೇಳಿದರೆ ನಾಡಿಗೆಲ್ಲ ಅರ್ಥವಾಯಿತು ಎಂದೇ ಲೆಕ್ಕ. ಅಂದಿನ ಸಂಜೆ ರಾಜೀವಿಗೆ ಹಿಂದಿನ ರಾತ್ರಿಯ ನಿದ್ದೆ ಬಾಕಿಯಿತ್ತು, ತಲೆನೋವೆಂದೂ ಹೇಳಿದ್ದಳು. "ಈ ನೂರಾ ಹನ್ನೆರಡು ಮಂದಿಯೂ ಇಪ್ಪತ್ತೈದು ವಯಸ್ಸು ದಾಟಿದವರು, ಮೊದಲ ಜ್ವರದಲ್ಲಿ ಹೃದಯಕ್ಕೆ ಪೆಟ್ಟಾಗದೆ ಉಳಿದವರು, ಗಂಟಲು ಬೇನೆ ಅಪರೂಪವಾದ ಊರಿನವರು ಎಂಬುದನ್ನು ಗಮನಿಸಿದರೆ, ಇತರರಿಗೆ ಇದನ್ನು ಅನ್ವಯಿಸುವ ಮೊದಲು ಹೆಚ್ಚಿನ ಅಧ್ಯಯನ ಅಗತ್ಯ" ಎಂದು ಅವನು ಓದುತ್ತಿದ್ದಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು ದೀರ್ಘವಾಗಿ ಆಕಳಿಸಿದಳು. "ಇದೆಂತದು, ನಿಮ್ಮ ಆಫೀಸಿನ ಸರ್ಕ್ಯುಲರಿನ ಹಾಗೆ ಉಂಟು" ಎಂದಳು. ಇಬ್ಬರೂ ನಕ್ಕರು. ಅವನು ಹೊಡೆದುಹಾಕಿದ. ದಿನಾ ಕಚೇರಿಯಲ್ಲಿ 'ಒಂದೆರಡು ಕಡೆ ಮಳೆ ಬೀಳುವ ಸಾಧ್ಯತೆ ಇದೆ' ಎಂದು ಬರೆದು ಬರೆದು ಬೇಸತ್ತವನಿಗೆ, ಮನೆಯಲ್ಲಾದರೂ ಒಂದು ಮಾತನ್ನು ಅಳುಕಿಲ್ಲದೆ ಹೇಳುವುದರಲ್ಲಿ ಒಂದು ಸ್ವಾತಂತ್ರ್ಯ ಕಂಡಿತ್ತು. ಮಳೆ ಬರಲಿ ಬಿಡಲಿ ಯಾರೂ ಸಾಯುವುದಿಲ್ಲ. ಅಲ್ಲಿ ಅಷ್ಟು ಎಚ್ಚರ. ಇಲ್ಲಿ?

"ಡಾಕ್ಟರು ಎಂತ ಹೇಳಿದ್ರು?" ಎಂದು ಕೇಳಿದ. ತನ್ನ ಧ್ವನಿ ಸಹಜವಾಗಿಯೇ ಇದೆಯೆಂದು ಅವನಿಗೆ ಆಶ್ಚರ್ಯವಾಯಿತು.

ಉತ್ತರ ಕೊಟ್ಟದ್ದು ಸ್ನಾನ ಮುಗಿಸಿ ಬಂದ ವಿಠಲ. "ಅವರಾ? ಅವರಿಗೆ ನಾನು ಇದನ್ನು ತೋರ್ಸಿದೆ ಮಾರ್ರೆ. ಮಲಯಾಳಿ ಡಾಕ್ಟರು, ಕನ್ನಡ ಓದ್ಲಿಕ್ಕೆ ಬರ್ಬೇಕಲ್ಲ. ನಾನು ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳಿದೆ. ಇದು ಯಾವ ಜರ್ನಲು, ಯಾವ ವಯಸ್ಸಿನವರು ಅಂತ ಕೇಳಿದ್ರು. ಅದೆಲ್ಲ ಇದ್ರಲ್ಲಿ ಇಲ್ಲ ಅಂದೆ. ನಕ್ಕರು. ಇದು ಯಾವುದೋ ಊರಿನ ಕಥೆಪುಸ್ತಕ ಅಂದ್ರು. ನನ್ಗೆ ಪಿತ್ತ ನೆತ್ತಿಗೇರಿತು. ನಮ್ಮ ಭಾಷೆಯಲ್ಲಿ ಬಂದದ್ದು ಅಂದ ಕೂಡಲೆ ಕಥೆಪುಸ್ತಕವಾ? ಅವತ್ತು ಎದ್ದು ಬಂದವನು ಆ ಮೆಟ್ಟಿಲು ಹತ್ಲಿಲ್ಲ." ತಲೆ ಒರೆಸುತ್ತಿದ್ದ ಟವೆಲನ್ನು ಹೆಗಲಿಗೆ ಹಾಕಿ, ಮಾತಿಗೆ ಮೊಳೆ ಹೊಡೆದವನಂತೆ ಸೇರಿಸಿದ: "ಇವತ್ತಿನ ಸನ್ಮಾನ ನಾನು ಹಟ ಮಾಡಿ ಇಡ್ಸಿದ್ದು. ಕನ್ನಡದಲ್ಲಿಯೂ ವಿಜ್ಞಾನ ಉಂಟು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಆ ಡಾಕ್ಟರು ಕೇಳಿದ್ದು ಅದೇ ವಾಕ್ಯವನ್ನು. ಹೊಡೆದುಹಾಕಿದ ವಾಕ್ಯದಲ್ಲಿದ್ದದ್ದನ್ನೇ. ನಿತ್ಯಾನಂದ ಕಾಫಿಯ ತಳದ ಸಕ್ಕರೆಯನ್ನು ಅಲ್ಲಾಡಿಸುತ್ತ ಕೂತ. ಈಗ ಹೇಳಬೇಕು, ಈಗಲೇ, ಎಂದು ಒಳಗೆ ಯಾರೋ ಒಂದೇ ಸಮ ಹೇಳುತ್ತಿದ್ದರು. ಆಗ ಕೆಳಗಿನಿಂದ ಮಿನಿ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಒಂದು, ಎರಡು, ಮೂರು, ನಾಲ್ಕು, ಐದು. ನಿಂತಿತು. ಮತ್ತೆ ಶುರುವಾಗಿ ಮತ್ತೆ ನಿಂತಿತು. ಬಾಗಿಲ ಬಳಿ ಬಂದಾಗ ಹುಡುಗಿ ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿ ಸ್ವಲ್ಪ ಹೊತ್ತು ಹಾಗೇ ಉಳಿದಳು. ಹನ್ನೊಂದು ದಾಟದ, ಸಪೂರದ, ಕಣ್ಣು ದೊಡ್ಡದಾದ ಹುಡುಗಿ. ಇದು ಸೋಮಾರಿತನ, ಈ ವಯಸ್ಸಿನವರು ಹಾಗೇ, ಎಂದು ಅವನು ತನಗೆ ಹೇಳಿಕೊಂಡ. ಹೇಳಿಕೊಂಡದ್ದು ಎಷ್ಟು ಹಗುರವಾಗಿತ್ತೆಂದರೆ ಅವನಿಗೇ ನಾಚಿಕೆಯಾಯಿತು.

"ಗಂಟಲು ನೋವು ಬರ್ತಾ ಉಂಟಾ ಇವಳಿಗೆ?"

"ಹೋದ ತಿಂಗಳು ಬಂದಿತ್ತು, ಎರಡು ದಿನ ಜ್ವರ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದ್ಲು, ಹೋಯ್ತು" ಎಂದಳು ಕುಸುಮಾವತಿ, ತೀರ ಮಾಮೂಲಿನ ಮಾತೆಂಬಂತೆ.

ಮಿನಿ ಕನ್ನಡವನ್ನೆಲ್ಲ ತಿಳಿಯುತ್ತಿದ್ದಳು, ಉತ್ತರ ಮಾತ್ರ ಮಲಯಾಳದಲ್ಲಿ. ಸೂಜಿ ನಿಲ್ಲಿಸಿದ ಮಾಮ ಇವರೇನಾ ಎಂದು ತಾಯಿಯನ್ನು ಅದೇ ಭಾಷೆಯಲ್ಲಿ ಕೇಳಿ, ಹೌದೆಂದ ಮೇಲೆ ಅವನ ಕೈಬೆರಳು ಹಿಡಿದು ತನ್ನ ಕಿಟಕಿಯ ಬಳಿಗೆ ಎಳೆದುಕೊಂಡು ಹೋದಳು. ಅಲ್ಲಿ ಪೆನಿಸಿಲಿನ್ನಿನ ಖಾಲಿ ಕುಪ್ಪಿಗಳು ಸಾಲಾಗಿ ನಿಂತಿದ್ದವು. ಪ್ರತಿ ಸಲ ಚುಚ್ಚಿಸಿಕೊಂಡ ಮೇಲೆ ನರ್ಸಮ್ಮನಿಂದ ಹಟ ಮಾಡಿ ಇಸಕೊಂಡು ಬಂದವು. ಒಂದರಲ್ಲಿ ನೀಲಿ ಇಂಕು, ಒಂದರಲ್ಲಿ ಫೋರ್ಟ್ ಕೊಚ್ಚಿಯ ಮರಳು, ಒಂದರಲ್ಲಿ ಸತ್ತ ಜೀರುಂಡೆ. ಇನ್ನು ಹೊಸದು ಬರುವುದಿಲ್ಲವಾದ್ದರಿಂದ ಆಟ ಮುಗಿಯಿತು ಎಂದು ಅವಳು ದೊಡ್ಡವರ ಹಾಗೆ ವಿವರಿಸಿದಳು. ಆಮೇಲೆ ಬಹಳ ಯೋಚಿಸಿ, ಸಾಲಿನಿಂದ ಒಂದನ್ನು, ಚಿಕ್ಕ ಕೆಂಪು ಮಂಜಾಡಿ ಕಾಳುಗಳನ್ನು ತುಂಬಿಸಿದ್ದನ್ನು, ಆರಿಸಿ ಅವನ ಅಂಗೈಯಲ್ಲಿ ಇಟ್ಟು ಬೆರಳುಗಳನ್ನು ತಾನೇ ಮಡಿಸಿದಳು. ಅದು ಉಡುಗೊರೆ. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಬೇಡ ಎನ್ನುವ ಧೈರ್ಯವೂ ಬರಲಿಲ್ಲ.

ಊಟಕ್ಕೆ ಕೂತಾಗ ಅವರು ಮೂವರೇ ಇದ್ದರು. ಮಿನಿ ಉಂಡು ಮಲಗಿದ್ದಳು. ಕುಸುಮಾವತಿ ಬಡಿಸುತ್ತ ಮಧ್ಯೆ ಮಧ್ಯೆ ಕೂರುತ್ತಿದ್ದಳು. ನಿತ್ಯಾನಂದ ಸಾರನ್ನು ಕಲಸುತ್ತ, ಈ ತುತ್ತು ಆದಮೇಲೆ ಹೇಳುತ್ತೇನೆ ಎಂದುಕೊಂಡ. ಆ ತುತ್ತು ಇಳಿಯಿತು. ಮಜ್ಜಿಗೆಗೆ ಬಂದಾಗ ಹೇಳೋಣ. ಮಜ್ಜಿಗೆಯೂ ಆಯಿತು. ಹೇಳಿದರೆ ವಿಠಲನ ಮುಖ ಹೇಗಾಗುತ್ತದೆ ಎಂಬುದಷ್ಟೇ ಅವನ ಕಣ್ಣಿಗೆ ಕಟ್ಟುತ್ತಿತ್ತು. ಆ ಮುಖದ ಮುಂದೆ ನಾಲ್ಕು ಗಂಟೆಗೆ ಶಾಲು ಹೊದೆದು ನಿಲ್ಲುವುದು ಹೇಗೆ? ಸಭೆ ಮುಗಿಯಲಿ, ಸಂಜೆ ಸಮಾಧಾನವಾಗಿ ಕೂರಿಸಿ ಹೇಳಿದರಾಯಿತು. ಎಂಟು ತಿಂಗಳಿನ ಮೇಲೆ ಇನ್ನೊಂದು ಸಂಜೆಗೆ ಏನಾಗಿಬಿಡುತ್ತದೆ? ಹೀಗೆ ಲೆಕ್ಕ ಹಾಕುತ್ತಿರುವುದು ಶಾಲಿನ ಆಸೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ತೊಳೆದು ಎದ್ದ.

ಸಭೆ ನಡೆದದ್ದು ಒಂದು ಶಾಲೆಯ ಹಾಲಿನಲ್ಲಿ. ಬ್ಯಾಂಕಿನವರು, ಬಂದರು ಕಚೇರಿಯವರು, ಒಂದಿಬ್ಬರು ವಕೀಲರು, ಅವರ ಹೆಂಡಿರು. ಅರುವತ್ತು ಜನ ಇದ್ದಾರು. ಅಧ್ಯಕ್ಷರಾದ ಜನಾರ್ದನರಾಯರು ಕಾಸರಗೋಡಿನಿಂದ ಬಂದು ಇಲ್ಲಿ ವಕೀಲಿಕೆಯಲ್ಲಿ ನೆಲೆಯಾದವರು, ಕನ್ನಡ ಮಾತಾಡಲು ಸಿಕ್ಕ ಅವಕಾಶವನ್ನು ಬೇಗ ಬಿಟ್ಟುಕೊಡುವವರಲ್ಲ. ಅವರು 'ಡಾಕ್ಟರ್ ನಿತ್ಯಾನಂದ' ಎಂದೇ ಶುರುಮಾಡಿದರು. ನಿತ್ಯಾನಂದ ತಲೆ ಅಲ್ಲಾಡಿಸಿದ್ದನ್ನು ಸಂಕೋಚವೆಂದು ತಿಳಿದು ಇನ್ನೂ ಎರಡು ಸಲ ಹಾಗೇ ಹೇಳಿದರು. "ಸಂಸ್ಕೃತದ ಕಬ್ಬಿಣದ ಕಡಲೆಯಿಲ್ಲ, ಇಂಗ್ಲಿಷಿನ ಹಂಗಿಲ್ಲ. ಇವರ ಲೇಖನವನ್ನು ನನ್ನ ತಾಯಿಯೂ ಓದುತ್ತಾರೆ. ಇಷ್ಟೇ ಅಲ್ಲ, ಇವರ ಒಂದು ಲೇಖನದಿಂದ ನಮ್ಮ ನಡುವಿನ ಒಂದು ಮಗು ನೋವಿನ ಚಿಕಿತ್ಸೆಯಿಂದ ಬಿಡುಗಡೆ ಪಡೆದಿದೆ. ಆ ಮಗುವೇ ಈಗ ಇವರಿಗೆ ಹೂವು ಕೊಡುತ್ತದೆ!" ಎಂದರು. ಚಪ್ಪಾಳೆ ಬಿತ್ತು. ಮಿನಿ ಜರಿಯಂಚಿನ ಲಂಗದಲ್ಲಿ ಹೂಗುಚ್ಛ ಹಿಡಿದು ಬಂದಳು. ವೇದಿಕೆಗೆ ನಾಲ್ಕು ಮೆಟ್ಟಿಲು. ಎರಡು ಹತ್ತಿ ನಿಂತಳು. ಗೊಂಚಲನ್ನು ಎದೆಗೆ ಒತ್ತಿಕೊಂಡು, ಬಾಯಿ ತುಸು ತೆರೆದು, ಅವನನ್ನೇ ನೋಡಿ ನಕ್ಕಳು. ಕುತ್ತಿಗೆಯ ಪಕ್ಕದಲ್ಲಿ ಏನೋ ಪಟಪಟ ಬಡಿಯುತ್ತಿರುವುದು ಅವನಿಗೆ ಅಲ್ಲಿಂದಲೇ ಕಂಡಿತು. ಜನ ಅದನ್ನು ಹುಡುಗಿಯ ನಾಚಿಕೆಯೆಂದು ತಿಳಿದು ಇನ್ನೂ ಜೋರಾಗಿ ತಟ್ಟಿದರು.

ಹೆಗಲ ಮೇಲೆ ಶಾಲು ಬಿತ್ತು. 'ಜನರ ಭಾಷೆಯಲ್ಲಿ ವಿಜ್ಞಾನ' ಎಂದು ಏಳು ಹಾಳೆ ಬರೆದುಕೊಂಡು ಬಂದಿದ್ದ. ಮೈಕಿನ ಮುಂದೆ ನಿಂತು ಮೊದಲ ಹಾಳೆಯನ್ನು ಓದಿದ. ಎರಡನೆಯ ಹಾಳೆಯಲ್ಲಿ ರಾಜೀವಿಯ ಆಕಳಿಕೆಯ ತಮಾಷೆ ಇತ್ತು. ಸಭಿಕರು ನಗಬೇಕಾದ ಜಾಗ ಅದು. ಅಲ್ಲಿಗೆ ಬಂದು ಅವನು ಓದು ನಿಲ್ಲಿಸಿದ. ಹಾಳೆಗಳನ್ನು ಮಡಚಿ, ತಯಾರಿಯಿಲ್ಲದ, ತನಗೇ ಅಪರಿಚಿತವಾದ ಧ್ವನಿಯಲ್ಲಿ, "ನಾನು ಡಾಕ್ಟರಲ್ಲ. ಹವಾಮಾನ ಕಚೇರಿಯವನು. ಆ ಲೇಖನದಲ್ಲಿ ಒಂದು ವಾಕ್ಯ ಬಿಟ್ಟುಹೋಗಿದೆ. ನಾನೇ ಬಿಟ್ಟದ್ದು" ಎಂದು, ಆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ನೂರಾ ಹನ್ನೆರಡು ಮಂದಿ, ಇಪ್ಪತ್ತೈದು ವಯಸ್ಸು, ಗಂಟಲು ಬೇನೆ ಅಪರೂಪವಾದ ಊರು, ಎಲ್ಲವನ್ನೂ. ಹೇಳುತ್ತಿರುವಾಗಲೇ ಮೂರನೆಯ ಸಾಲಿನ ಹೆಂಗಸೊಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದು ಆಕಳಿಸಿದಳು. "ಅಂದರೆ ಮಕ್ಕಳಿಗೆ ಇದು ಸಲ್ಲುವುದಿಲ್ಲ. ಸೂಜಿ ನಿಲ್ಲಿಸಬಾರದಿತ್ತು" ಎಂದ. ಆಮೇಲೆ ಜನಾರ್ದನರಾಯರು ಎದ್ದು, "ವಿದ್ವತ್ತಿಗೆ ವಿನಯವೇ ಭೂಷಣ" ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ತಟ್ಟದೆ ಕೂತದ್ದು ಇಬ್ಬರೇ. ವಿಠಲ ನೆಲ ನೋಡುತ್ತಿದ್ದ. ಕುಸುಮಾವತಿ ಮಗಳ ಬೆನ್ನ ಮೇಲೆ ಕೈಯಿಟ್ಟು ಅವನನ್ನೇ ನೋಡುತ್ತಿದ್ದಳು.

ಅವರು ಮನೆಗೆ ಬಂದರು. ಚಾವಡಿಯಲ್ಲಿ ಚಪ್ಪಲಿ ಬಿಡುತ್ತ ವಿಠಲ ಕೇಳಿದ: "ಮಧ್ಯಾಹ್ನ ಊಟಕ್ಕೆ ಕೂತಾಗ ನಾವು ಮೂವರೇ ಇದ್ದೆವಲ್ಲ. ಆಗ ಹೇಳ್ಲಿಕ್ಕೆ ನಿಮ್ಗೆಂತ ಆಗಿತ್ತು? ಅಷ್ಟು ಜನರ ಎದುರು ನನ್ನನ್ನು ಮಗಳ ಚಿಕಿತ್ಸೆ ನಿಲ್ಲಿಸಿದ ಮುಟ್ಠಾಳ ಮಾಡ್ಬೇಕಿತ್ತಾ?" ತಾನು ಹೇಳಿದ್ದು ಆ ಹುಡುಗಿಗಾಗಿಯೋ, ತನ್ನ ಹೆಗಲ ಮೇಲಿನ ಭಾರ ಇಳಿಸಿಕೊಳ್ಳಲೋ ಎಂದು ನಿತ್ಯಾನಂದನಿಗೇ ತಿಳಿಯಲಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೂ ಅವನಿಗೆ ಮೈಕು ಬೇಕಾಯಿತೇ? ಕುಸುಮಾವತಿ ಮಾತ್ರ ಬೈಯಲಿಲ್ಲ. ಕಂದು ಫೈಲನ್ನು ತಂದು ಅವನ ಮುಂದೆ ಹಿಡಿದು, "ಅಚ್ಚಾದದ್ದು ಸರಿಯಾ, ನೀವು ಇವತ್ತು ಬಾಯಲ್ಲಿ ಹೇಳಿದ್ದು ಸರಿಯಾ? ಒಂದು ಹೇಳಿ" ಎಂದಳು. "ಬಾಯಲ್ಲಿ ಹೇಳಿದ್ದು" ಎಂದ. ಅವಳು ಆ ಲೇಖನವನ್ನು ಉಗುರಿನಿಂದ ಮೆಲ್ಲಗೆ ಬಿಡಿಸತೊಡಗಿದಳು. ಗಟ್ಟಿ ಅಂಟು, ಅದು ತುಂಡು ತುಂಡಾಗಿ ಬಂತು, ಶೀರ್ಷಿಕೆಯ ಅರ್ಧ ಫೈಲಿನಲ್ಲೇ ಉಳಿಯಿತು. ಇಂಥ ಎಷ್ಟು ಫೈಲುಗಳು ಎಷ್ಟು ಮನೆಗಳಲ್ಲಿ ಇವೆಯೋ ಎಂದು ಅವನಿಗೆ ಅನ್ನಿಸಿದ್ದು ಆಗ. ಮುಂದಿನ ವಾರ ತಿದ್ದುಪಡಿ ಬರೆಯಬಹುದು. ಅದನ್ನು ಓದುವವರು ಯಾರು, ಓದಿ ಮುಗಿಸುವವರು ಯಾರು?

ಸೋಮವಾರ ಬೆಳಗಿನ ರೈಲನ್ನು ಅವನು ಬಿಟ್ಟ. ವಿಠಲ ಆ ಡಾಕ್ಟರಿಗೆ ಮುಖ ತೋರಿಸಲಾರೆನೆಂದು ಬ್ಯಾಂಕಿಗೆ ಹೊರಟುಹೋದ. ಕುಸುಮಾವತಿಯ ಜೊತೆ, ಮಿನಿಯ ಜೊತೆ, ನಿತ್ಯಾನಂದ ಆಸ್ಪತ್ರೆಯ ಬೆಂಚಿನಲ್ಲಿ ಕೂತ. ಎಲ್ಲಿಗೆ ಬಂದಿದ್ದೇವೆಂದು ಹುಡುಗಿಗೆ ಬಸ್ಸಿನಿಂದ ಇಳಿಯುವಾಗಲೇ ತಿಳಿದಿತ್ತು. ಅಳಲಿಲ್ಲ. ಅವನ ಬೆರಳನ್ನು ಮಾತ್ರ ಬಿಟ್ಟು ತಾಯಿಯ ಆಚೆಗೆ ಹೋಗಿ ಕೂತಳು.

ಡಾಕ್ಟರು ವಯಸ್ಸಾದವರು. ಫೈಲು ತೆರೆದು, ಹರಿದ ಕಾಗದದ ಗುರುತನ್ನು ಬೆರಳಿನಿಂದ ಸವರಿದರು. ಹುಡುಗಿಯ ಎದೆಯ ಮೇಲೆ ಸ್ಟೆತೊಸ್ಕೋಪಿಟ್ಟು ಕಣ್ಣು ಮುಚ್ಚಿ ಕೇಳಿದರು. ಎಡಕ್ಕೆ ಹೊರಳಿಸಿ ಕೇಳಿದರು. ಕೂರಿಸಿ ಕೇಳಿದರು. ಅಷ್ಟು ಹೊತ್ತು ಒಬ್ಬ ಮನುಷ್ಯ ಇನ್ನೊಬ್ಬರನ್ನು ಕೇಳಿಸಿಕೊಳ್ಳುವುದನ್ನು ನಿತ್ಯಾನಂದ ನೋಡಿರಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ, ಎಂಟು ತಿಂಗಳ ಕೆಳಗೆ ಹೃದಯದಲ್ಲಿ ಮೆಲ್ಲಗೆ ಇದ್ದ ಸದ್ದು ಈಗ ಜೋರಾಗಿದೆ, ಕವಾಟ ಎಷ್ಟು ಕೆಟ್ಟಿದೆ ಎಂದು ಇವತ್ತೇ ಹೇಳಲಾರೆ, ಸೂಜಿಯನ್ನು ಇವತ್ತೇ ಶುರುಮಾಡೋಣ, ಇನ್ನು ಬಹಳ ವರ್ಷ ನಿಲ್ಲಿಸಬಾರದು ಎಂದರು. ಕನ್ನಡಕ ತೆಗೆದು, "ನಿಲ್ಲಿಸಲು ಹೇಳಿದವರು ಯಾರು?" ಎಂದು ಕೇಳಿದರು.

"ನಾನು."

"ನೀವು ಡಾಕ್ಟರಾ?"

"ಅಲ್ಲ, ಹವಾಮಾನ ಕಚೇರಿ."

ಅವರು ಬೈದಿದ್ದರೆ ಚೆನ್ನಾಗಿತ್ತು. ಅವರು ಒಮ್ಮೆ ತಲೆಯಾಡಿಸಿ ಚೀಟಿ ಬರೆಯಲು ಬಗ್ಗಿದರು. ಅವನು ಜರ್ನಲಿನ ಹೆಸರು, ಸಂಪುಟ, ಪುಟ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಮೇಜಿನ ಮೇಲಿಟ್ಟ. ಡಾಕ್ಟರು ಅದರ ಮೇಲೆ ಪೇಪರ್‌ವೇಟ್ ಇಟ್ಟು ಮುಂದಿನ ರೋಗಿಯನ್ನು ಕರೆದರು.

ಕೋಣೆಯ ಪರದೆಯ ಆಚೆಯಿಂದ ಮಿನಿಯ ಕೂಗು ಒಂದೇ ಸಲ ಕೇಳಿಸಿತು, ಚಿಕ್ಕದಾಗಿ. ನಿತ್ಯಾನಂದ ಗೋಡೆಗೆ ಒರಗಿ ನಿಂತ. ಕುಸುಮಾವತಿ ಔಷಧದ ಕಿಟಕಿಗೆ ಹೋದಳು. ಹುಡುಗಿ ತೊಡೆಯನ್ನು ಒತ್ತಿಹಿಡಿದು, ಕುಂಟುತ್ತ, ಹೊರಗಿನ ಮೆಟ್ಟಿಲವರೆಗೆ ಬಂದಳು. ಕಣ್ಣು ಒದ್ದೆಯಾಗಿತ್ತು. ಬಲಗೈಯಲ್ಲಿ ಇವತ್ತಿನ ಖಾಲಿ ಕುಪ್ಪಿಯಿತ್ತು. ನರ್ಸಮ್ಮನಿಂದ ಈ ಸಲವೂ ಇಸಕೊಂಡಿದ್ದಳು. ಅವನು ಮಲಯಾಳದ ತನಗೆ ಗೊತ್ತಿದ್ದ ನಾಲ್ಕು ಮಾತು ಜೋಡಿಸಿ, ತುಂಬ ನೋವಾಯಿತೇ ಎಂದು ಕೇಳಿದ. ಅವಳು ಎಡಗೈಯನ್ನು ಅವನ ಮುಂದೆ ಚಾಚಿದಳು. ಆಮೇಲೆ, ಈ ಎರಡು ದಿನಗಳಲ್ಲಿ ಮೊದಲ ಬಾರಿಗೆ, ಅವನಿಗೆ ಅರ್ಥವಾಗದೆ ಹೋಗಬಾರದೆಂಬಂತೆ, ಒಂದೊಂದೇ ಮಾತನ್ನು ಬಿಡಿಸಿ ಕನ್ನಡದಲ್ಲಿ ಹೇಳಿದಳು:

"ಮಾಮ, ನನ್ನ ಕುಪ್ಪಿ ವಾಪಸ್ ಕೊಡಿ."

ಅವನು ಜೇಬಿಗೆ ಕೈ ಹಾಕಿದ. ಒಳಗೆ ಮಂಜಾಡಿ ಕಾಳುಗಳು ಸಣ್ಣಗೆ ಸದ್ದು ಮಾಡಿದವು. ಕುಪ್ಪಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಮಿನಿ ಅದನ್ನು ಇವತ್ತಿನದರ ಪಕ್ಕದಲ್ಲಿ ಹಿಡಿದು ನೋಡಿ, ಎರಡನ್ನೂ ಲಂಗದ ಜೇಬಿಗೆ ಹಾಕಿಕೊಂಡು, ತಾಯಿ ಬರುವವರೆಗೆ ಅವನ ಕಡೆ ತಿರುಗದೆ ಮೆಟ್ಟಿಲ ಮೇಲೆ ನಿಂತಿದ್ದಳು.